ಮುಳ್ಳಯ್ಯನಗಿರಿಯಿಂದ ಆಗುಂಬೆಗೆ: ಸೈಕಲ್ಲಿಗೆ ಯಾವುದು ಬೆಟ್ಟ?

ನನ್ನ ಗೆಳೆಯನಿಗೆ ಸೈಕಲ್ ವಿಚಾರದಲ್ಲಿ ಎಲ್ಲಕ್ಕೂ ಒಂದು ಲೆಕ್ಕ ಇದೆ. ಬೆಟ್ಟಕ್ಕೂ ಇದೆ. ಏರಿನ ಉದ್ದವನ್ನು ಮೀಟರಿನಲ್ಲಿ ಹಿಡಿ, ಕಡಿದು ಶೇಕಡಾ ಎಷ್ಟು (ನೂರು ಮೀಟರ್ ಹೋದರೆ ಎಷ್ಟು ಮೀಟರ್ ಮೇಲಕ್ಕೆ) ಅಂತ ನೋಡು, ಎರಡನ್ನೂ ಗುಣಿಸು. 8,000 ದಾಟಿದರೆ ನಾಲ್ಕನೇ ದರ್ಜೆಯ ಬೆಟ್ಟ. 16,000ಕ್ಕೆ ಮೂರನೇದು, 32,000ಕ್ಕೆ ಎರಡನೇದು, 64,000ಕ್ಕೆ ಒಂದನೇದು. 80,000 ದಾಟಿತೋ, ಯಾವ ದರ್ಜೆಗೂ ಸಿಗದ ಬೆಟ್ಟ. ಇದು ಸೈಕಲ್ ಸವಾರಿ ದಾಖಲಿಸುವ ಮೊಬೈಲ್ ಆ್ಯಪ್ ಸ್ಟ್ರಾವಾದವರ ಲೆಕ್ಕ. ಶೇ. 3ಕ್ಕಿಂತ ಕಮ್ಮಿ ಏರಿದ್ದರೆ ಅವರು ಕಣ್ಣೆತ್ತಿಯೂ ನೋಡುವುದಿಲ್ಲ.

ಈ ಗುಣಾಕಾರವನ್ನು ಬಿಡಿಸಿ ನೋಡಿದರೆ ಒಳಗೆ ಹೆಚ್ಚೇನೂ ಇಲ್ಲ. ಎಷ್ಟು ಮೀಟರ್ ಮೇಲಕ್ಕೆ ಹೋದಿರಿ ಅನ್ನುವುದನ್ನೇ ನೂರರಿಂದ ಗುಣಿಸಿದ್ದು, ಅಷ್ಟೇ. ಶೇ. 8ರ ಏರು 5 ಕಿ.ಮೀ. ಇದ್ದರೂ 40,000. ಶೇ. 4ರ ಏರು 10 ಕಿ.ಮೀ. ಇದ್ದರೂ 40,000. ಎರಡನ್ನೂ ತುಳಿದವರನ್ನು ಕೇಳಿ, ಎರಡೂ ಒಂದೇನಾ ಅಂತ!

ಬೆಂಗಳೂರಿನಲ್ಲಿ ಸೈಕಲ್ ಹೊಡೆಯುವ ಎಲ್ಲರ ಹಾಗೆ ಅವನ ಬೆಟ್ಟ ಅಂದರೆ ನಂದಿ. ನಲವತ್ತು ತಿರುವು, ಕೊನೆಯಲ್ಲಿ ಜೀವ ತೆಗೆಯುವ ಕಡಿದು. ಅದು ಬೆಟ್ಟವೇ, ನನ್ನದೇನೂ ತಕರಾರಿಲ್ಲ. ಆದರೆ ಅಲ್ಲಿಗೆ ಹೋಗುವವರು ಬೆಳಗ್ಗೆ ಹೋಗಿ, ಒಂದು ಬೆಟ್ಟ ಹತ್ತಿ, ತಿಂಡಿ ತಿಂದು ಮನೆಗೆ ಬರುತ್ತಾರೆ. ಬೆಟ್ಟದ ಮೇಲೆ ಬೆಟ್ಟ ಬಂದರೆ ಲೆಕ್ಕ ಏನಾಗುತ್ತದೆ ನೋಡೋಣ ಬಾ ಅಂದೆ. ದೀಪಾವಳಿ ಕಳೆದು, ಮಳೆ ನಿಂತೂ ನಿಲ್ಲದ ಹಾಗಿದ್ದ ದಿನಗಳಲ್ಲಿ ಹೊರಟೆವು.

ಚಿಕ್ಕಮಗಳೂರು, ಗಿರಿ ರಸ್ತೆ

ರಾತ್ರಿ ಬಸ್ಸು, ಡಿಕ್ಕಿಯಲ್ಲಿ ಚಕ್ರ ಬಿಚ್ಚಿದ ಸೈಕಲ್ಲು. ಡಿರೇಲರ್, ಅಂದರೆ ಗೇರ್ ಬದಲಿಸುವ ಭಾಗ, ಇರುವ ಬದಿ ಮೇಲೆ ಬರುವ ಹಾಗೆ ಮಲಗಿಸಿ, ಪಕ್ಕದಲ್ಲಿ ಯಾರದೂ ಅಕ್ಕಿ ಮೂಟೆ ಇಲ್ಲ ಅಂತ ನೋಡಿಕೊಂಡರೆ ಅರ್ಧ ಚಿಂತೆ ಕಳೆದ ಹಾಗೆ. ಬೆಳಗ್ಗೆ ಅಕ್ಕಿ ರೊಟ್ಟಿ, ಕಾಯಿಚಟ್ನಿ ತಿಂದು ಕೈಮರದ ಕಡೆ ಹೊರಟೆವು.

ಊರು ಬಿಟ್ಟ ಮೇಲೆ ರಸ್ತೆ ಮೆಲ್ಲಗೆ ಏಳುತ್ತದೆ. ಎರಡೂ ಕಡೆ ಕಾಫಿ ತೋಟ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅರೇಬಿಕಾ ಹಣ್ಣು ಅಲ್ಲಲ್ಲಿ ಕೆಂಪಾಗಿತ್ತು. ಗೆಳೆಯ ಮಾತಾಡುತ್ತಲೇ ಇದ್ದ. ಅವನು ಮಾತಾಡುತ್ತಿದ್ದಾನೆ ಅಂದರೆ ಇನ್ನೂ ಬೆಟ್ಟ ಬಂದಿಲ್ಲ ಅಂತ ನನ್ನ ಲೆಕ್ಕ.

ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ತಿರುಗಿದ ಮೇಲೆ ರಸ್ತೆ ಸಣ್ಣದಾಗುತ್ತದೆ, ಕಡಿದೂ ಆಗುತ್ತದೆ. ವಾರದ ನಡುವೆ ಹೋದದ್ದು ಒಳ್ಳೆಯದಾಯಿತು. ಶನಿವಾರ, ಭಾನುವಾರ ಇಲ್ಲಿ ಜೀಪು, ಕಾರುಗಳ ನಡುವೆ ಸೈಕಲ್ಲಿಗೆ ಜಾಗವೇ ಇರುವುದಿಲ್ಲ.

"ಸರಾಸರಿ ಏನೂ ಜಾಸ್ತಿ ಇಲ್ವಲ್ಲೋ" ಅಂತ ಅವನು ಮೊದಲೇ ಮೊಬೈಲಿನಲ್ಲಿ ನೋಡಿಟ್ಟಿದ್ದ. ಸರಾಸರಿ ಅನ್ನುವುದು ಸೈಕಲ್ ಹೊಡೆಯುವವನ ಶತ್ರು. ನಡುವೆ ಸಮತಟ್ಟು ಬರುತ್ತದೆ, ಸಣ್ಣ ಇಳಿಜಾರೂ ಬರುತ್ತದೆ. ಅವೆಲ್ಲ ಸೇರಿಸಿ ಶೇ. 5 ಅಂದರೆ ಮಿಕ್ಕ ಕಡೆ ಶೇ. 10 ಇದೆ ಅಂತಲೇ ಅರ್ಥ. ಆ ಮಿಕ್ಕ ಕಡೆಯಲ್ಲಿ ಅವನ ಮಾತು ನಿಂತಿತು.

ಅವನ ಸೈಕಲ್ಲಿನಲ್ಲಿ ಮುಂದಿನ ಸಣ್ಣ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 28. ನನ್ನದರಲ್ಲಿ ಹಿಂದೆಯೂ 34. ಪೆಡಲ್ ಒಂದು ಸುತ್ತು ತಿರುಗಿದರೆ ನನ್ನ ಚಕ್ರವೂ ಒಂದೇ ಸುತ್ತು, ಸುಮಾರು 2.1 ಮೀಟರ್ ಮುಂದಕ್ಕೆ. ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ 9 ಕಿ.ಮೀ. ಹತ್ತಿರ. ಅದೇ 70 ಸುತ್ತು ತುಳಿಯಬೇಕಾದರೆ ಅವನು 10.5 ಕಿ.ಮೀ. ದಾಟಬೇಕು. ಕೇಳುವುದಕ್ಕೆ ವ್ಯತ್ಯಾಸ ಅಷ್ಟೇನಾ ಅನಿಸುತ್ತದೆ. ಶೇ. 10ರ ಏರಿನಲ್ಲಿ ಆ ಒಂದೂವರೆ ಕಿಲೋಮೀಟರ್ ಎಲ್ಲಿಂದ ತರುವುದು? ಅವನ ಕಾಲು ತಿರುಗುವುದು ಬಿಟ್ಟು ಒತ್ತುವುದಕ್ಕೆ ಶುರು ಮಾಡಿತ್ತು. ಒಂದೊಂದು ಒತ್ತಿಗೂ ಹ್ಯಾಂಡಲ್ ಆ ಕಡೆ ಈ ಕಡೆ ವಾಲುತ್ತಿತ್ತು.

ಸೀತಾಳಯ್ಯನಗಿರಿ ಹತ್ತಿರ ಮರಗಳು ಮುಗಿದು ಬರೀ ಹುಲ್ಲು. ಅಲ್ಲಿಂದ ಗಾಳಿ. ತಿರುವಿನ ಒಂದು ಕಡೆ ಬೆನ್ನಿಗೆ ಬಂದು ದೂಡಿದರೆ, ಇನ್ನೊಂದು ಕಡೆ ಎದೆಗೇ ಕೈ ಇಟ್ಟು ನಿಲ್ಲಿಸುತ್ತದೆ. ಕಾಲೂರಿ ನಿಂತಿದ್ದಾಗ ಒಬ್ಬ ಜೀಪಿನವರು ನಿಧಾನ ಮಾಡಿ ತಲೆ ಹೊರಗೆ ಹಾಕಿದರು.

"ಹತ್ತಿಸ್ಲಾ ಸಾರ್? ಸೈಕಲ್ ಮೇಲ್ಗಡೆ ಕಟ್ಟಣ."

"ಬೇಡಣ್ಣ. ಇನ್ನೂ ಎಷ್ಟಿದೆ ಏರು?"

"ಏರು ಇಲ್ಲಿತನಕ ಇದ್ದಿದ್ದು ಸಾರ್. ನಾವು ಎರಡನೇ ಗೇರಲ್ಲಿ ಬಂದ್ವಿ. ಇನ್ನು ಮುಂದೆ ಒಂದನೇ ಗೇರು. ಗಿರಿ ಅಂದ್ರೆ ಅದು."

ಗೆಳೆಯನ ಗುಣಾಕಾರಕ್ಕಿಂತ ನನಗೆ ಈ ಮಾತೇ ಹಿಡಿಸಿತು. ಲೆಕ್ಕದ ಪ್ರಕಾರವೂ, ಊರಿನಿಂದ ರಸ್ತೆ ಮುಗಿಯುವವರೆಗೆ ಏರಿಕೆ 700 ಮೀಟರ್ ಆಸುಪಾಸು. ಅಂದರೆ ಒಂದನೇ ದರ್ಜೆ. ರಸ್ತೆ ಮುಗಿದ ಮೇಲೆ ಮೆಟ್ಟಿಲು. ಅಡಿಯಲ್ಲಿ ಕ್ಲೀಟ್ (ಪೆಡಲಿಗೆ ಸಿಕ್ಕಿಸುವ ಕೊಂಡಿ) ಇರುವ ಶೂ ಹಾಕಿಕೊಂಡು ಆ ಕಲ್ಲಿನ ಮೇಲೆ ನಡೆಯುವುದು ಆಗದ ಕೆಲಸ, ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಹತ್ತಿದೆವು. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್, ಕರ್ನಾಟಕದಲ್ಲಿ ಇದಕ್ಕಿಂತ ಮೇಲೆ ಬೆಟ್ಟವಿಲ್ಲ. ಗೆಳೆಯನ ಸೈಕಲ್ಲಿನ ಮೀಟರ್ ಪೆಟ್ಟಿಗೆ ಬೇರೇನೋ ಹೇಳುತ್ತಿತ್ತು. ಆ ಪೆಟ್ಟಿಗೆ ಎತ್ತರ ಅಳೆಯುವುದು ಗಾಳಿಯ ಒತ್ತಡದಿಂದ. ಮೋಡ ಕವಿದು ಒತ್ತಡ ಬದಲಾದರೆ, ನಿಂತಲ್ಲೇ ನಿಂತರೂ ಬೆಟ್ಟ ಹತ್ತಿಸುತ್ತದೆ, ಇಳಿಸುತ್ತದೆ.

ಇಳಿಯುವಾಗ ಚಳಿ ಕೊರೆಯಿತು. ಎದೆಗೂ ಜೆರ್ಸಿಗೂ ನಡುವೆ ಒಂದು ಹಾಳೆ ಹಳೇ ಪೇಪರ್ ಸೇರಿಸಿಕೊಂಡರೆ ಸಾಕು, ಜಾಕೆಟ್ಟೇ ಬೇಡ.

ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ

ಮರುದಿನ ಮೂಡಿಗೆರೆ ದಾರಿ. ತೋಟ, ಗದ್ದೆ, ಮತ್ತೆ ತೋಟ. ಏರಿಳಿತ ಇದ್ದೇ ಇತ್ತು, ಆದರೆ ಗಿರಿ ಹತ್ತಿದ ಕಾಲಿಗೆ ಅದು ನಾಟಲಿಲ್ಲ. ಕೊಟ್ಟಿಗೆಹಾರಕ್ಕೆ ಬಂದಾಗ ಜಿಟಿಜಿಟಿ ಮಳೆ. ಆ ಊರಿನ ನೀರುದೋಸೆಯ ಹೆಸರು ಘಾಟಿ ಇಳಿಯುವವರಿಗೆಲ್ಲ ಗೊತ್ತು. ಒದ್ದೆ ಬಟ್ಟೆಯಲ್ಲೇ ಕೂತು ತಿಂದೆವು. ಎಷ್ಟು ತಿಂದೆವು ಅಂತ ಬರೆಯುವುದಿಲ್ಲ.

ಪಕ್ಕದ ಟೇಬಲ್ಲಿನಲ್ಲಿದ್ದ ಹಿರಿಯರೊಬ್ಬರಿಗೆ ನಮ್ಮ ಹೆಲ್ಮೆಟ್ಟು, ಬಿಗಿ ಚಡ್ಡಿ ನೋಡಿ ಕುತೂಹಲ. ಇಲ್ಲೇ ಹತ್ತಿರದ ಜಾವಳಿಯಲ್ಲಿ ಹೇಮಾವತಿ ಹುಟ್ಟುತ್ತಾಳೆ, ಆ ನೀರು ಕಾವೇರಿ ಸೇರಿ ಪೂರ್ವದ ಕಡಲಿಗೆ ಹೋಗುತ್ತದೆ ಅಂದರು. ಘಾಟಿಯ ಆಚೆ ಬಿದ್ದ ನೀರು ನೇತ್ರಾವತಿಗೆ, ಅಲ್ಲಿಂದ ಪಡುವಣ ಕಡಲಿಗೆ. "ನೀವೂ ಇನ್ನು ನೀರಿನ ಜೊತೆಗೇ ಹೋಗೋದು, ತುಳಿಯೋದೇನೂ ಇಲ್ಲ" ಅಂದರು.

ನಿಜವೇ. ಚಾರ್ಮಾಡಿ ಹೆಸರು ಕೇಳಿ ಎದೆ ಗಟ್ಟಿ ಮಾಡಿಕೊಂಡು ಬಂದಿದ್ದ ಗೆಳೆಯನಿಗೆ ನಿರಾಸೆಯಾಯಿತು. ಮೂಡಿಗೆರೆ ಕಡೆಯಿಂದ ಬಂದರೆ ಚಾರ್ಮಾಡಿಗೆ ಹತ್ತುವ ಮಾತೇ ಇಲ್ಲ. ಆಗಲೇ ಮೇಲೆ ಇರುತ್ತೀರಿ, ರಸ್ತೆ ಒಮ್ಮೆಲೇ ಕೆಳಗೆ ಜಾರುತ್ತದೆ. ನಮ್ಮ ಘಟ್ಟಗಳ ಸ್ವಭಾವವೇ ಇದು. ಪೂರ್ವದ ಕಡೆ ಮಲೆನಾಡು ಮೆಲ್ಲಗೆ ಇಳಿಜಾರು, ಪಶ್ಚಿಮದ ಕಡೆ ಗೋಡೆ. ಉಜಿರೆಯಿಂದ ಬರುವವನಿಗೆ ಇದು ಅರ್ಧ ದಿನ ತಿನ್ನುವ ಬೆಟ್ಟ. ಮೂಡಿಗೆರೆಯಿಂದ ಹೋಗುವವನಿಗೆ ಇದು ಬ್ರೇಕ್ ಹಿಡಿದು ಬೆರಳು ಮರಗಟ್ಟುವ ರಸ್ತೆ. ರಸ್ತೆ ಒಂದೇ, ತಿರುವೂ ಅವೇ. ಎತ್ತರವನ್ನು ನೋಡಿ ಬೆಟ್ಟ ಅನ್ನುವವರು ಯಾವ ಕಡೆಯಿಂದ ಅಂತಲೂ ಹೇಳಬೇಕು, ಅಲ್ವಾ?

ಮಂಜು ಎಷ್ಟು ದಟ್ಟ ಇತ್ತು ಅಂದರೆ ಮುಂದಿನ ಗೆಳೆಯನ ಕೆಂಪು ದೀಪ ಮಾತ್ರ ಕಾಣುತ್ತಿತ್ತು, ಗೆಳೆಯ ಕಾಣುತ್ತಿರಲಿಲ್ಲ. ಹಗಲೇ ಆದರೂ ಇಲ್ಲಿ ಹಿಂದಿನ ದೀಪ ಹಾಕಿಯೇ ಇಳಿಯಬೇಕು. ಒಂದು ಕಡೆ ಗುಡ್ಡ ಜರಿದ ಗುರುತು ಇನ್ನೂ ಹಸಿಯಾಗಿದೆ ಅನಿಸುವಂತಿತ್ತು. 2019ರ ಆಗಸ್ಟಿನ ಮಳೆಗೆ ಈ ಘಾಟಿ ಅಲ್ಲಲ್ಲಿ ಕುಸಿದು, ಓಡಾಟವೇ ನಿಂತಿತ್ತು.

ಮಳೆಯಲ್ಲಿ ಗೆಳೆಯನ ರಿಮ್ ಬ್ರೇಕ್ ಕಿರುಚಲು ಶುರು ಮಾಡಿತು. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ನಿಂತು ನೋಡಿದರೆ ಬ್ರೇಕಿನ ರಬ್ಬರಿನಲ್ಲಿ ಹೊಳೆಯುವ ಚೂರುಗಳು. ರಿಮ್ಮಿನ ಅಲ್ಯೂಮಿನಿಯಂ ತೇದು, ರಸ್ತೆಯ ಮರಳಿನ ಜೊತೆ ಸೇರಿ ರಬ್ಬರಿಗೆ ಕಚ್ಚಿಕೊಂಡಿತ್ತು. ಒಂದು ಸೇಫ್ಟಿ ಪಿನ್ನಿನಲ್ಲಿ ಒಂದೊಂದೇ ಕೆದಕಿ ತೆಗೆದೆವು. ಆಮೇಲೆ ಸದ್ದು ನಿಂತಿತು. ಅಲ್ಲಿಂದ ಉಜಿರೆವರೆಗೆ ಹೇಳುವಂಥದ್ದು ಏನೂ ಆಗಲಿಲ್ಲ, ಸೆಕೆ ಒಂದು ಬಿಟ್ಟು. ಒಂದು ತಾಸಿನ ಹಿಂದೆ ನಡುಗುತ್ತಿದ್ದವರು ಈಗ ಪುನರ್ಪುಳಿ ಶರಬತ್ತು ಹುಡುಕುತ್ತಿದ್ದೆವು.

ಉಜಿರೆಯಿಂದ ಹೆಬ್ರಿ: ಸಮ ರೋಡು

ಈ ದಿನ ವಿಶ್ರಾಂತಿ ಅಂತ ಅಂದುಕೊಂಡಿದ್ದು. ನಕ್ಷೆಯಲ್ಲಿ ಒಂದೂ ಘಾಟಿ ಇಲ್ಲ. ಬೆಳ್ತಂಗಡಿ, ಗುರುವಾಯನಕೆರೆ, ನಾರಾವಿ, ಬಜಗೋಳಿ, ಕಾರ್ಕಳ, ಅಜೆಕಾರು, ಹೆಬ್ರಿ. ಬಲಗಡೆ ಉದ್ದಕ್ಕೂ ಘಟ್ಟದ ಸಾಲು, ನಾವು ಅದರ ಬುಡದಲ್ಲೇ ಉತ್ತರಕ್ಕೆ.

ಬುಡದಲ್ಲಿ ಹೋಗುವುದೇ ಇಲ್ಲಿಯ ಕಷ್ಟ. ಘಟ್ಟದಲ್ಲಿ ಹುಟ್ಟಿದ ಪ್ರತಿ ಹಳ್ಳ, ತೋಡು, ಹೊಳೆ ಪಶ್ಚಿಮಕ್ಕೆ ಹರಿಯುತ್ತವೆ. ಉತ್ತರಕ್ಕೆ ಹೋಗುವ ರಸ್ತೆ ಎಲ್ಲವನ್ನೂ ಅಡ್ಡಲಾಗಿ ದಾಟಬೇಕು. ಒಂದು ಹೊಳೆ ಅಂದರೆ ಒಂದು ಇಳಿಜಾರು, ಒಂದು ಸೇತುವೆ, ಒಂದು ಏರು. ಸೇತುವೆ ಕಂಡರೆ ಗೇರ್ ಇಳಿಸಲು ತಯಾರಾಗಬೇಕು.

ಬೆಳಗ್ಗೆ ಇದು ಆಟ. ಇಳಿಜಾರಿನಲ್ಲಿ 45ರ ವೇಗ ಹಿಡಿದರೆ ಎದುರಿನ ಏರಿನ ಮುಕ್ಕಾಲು ಪಾಲು ಹಾಗೆಯೇ ಮುಗಿಯುತ್ತದೆ. ಉಳಿದ ಕಾಲು ಭಾಗಕ್ಕೆ ಎದ್ದು ನಿಂತು ನಾಲ್ಕು ಸಲ ತುಳಿದರೆ ಸಾಕು. ಗೆಳೆಯನ ಬಾಯಿ ಮತ್ತೆ ಶುರುವಾಗಿತ್ತು. ಸಿಟ್ಟು ಬರಿಸುತ್ತಿದ್ದದ್ದು ಸೇತುವೆಯ ಎರಡೂ ತುದಿಯ ಉಬ್ಬು ಮಾತ್ರ. ಸರಿಯಾಗಿ ವೇಗ ಬೇಕಾದ ಜಾಗದಲ್ಲೇ ಅದು ಇರುತ್ತದೆ. ಬ್ರೇಕ್ ಹಿಡಿದಿರೋ, ಕೂಡಿಟ್ಟದ್ದೆಲ್ಲ ಅಲ್ಲಿಗೆ ಖಾಲಿ.

ನಾರಾವಿ ಹತ್ತಿರ ಒಂದು ಸಣ್ಣ ಹೋಟೆಲಿನಲ್ಲಿ ಬನ್ಸು, ಚಾ. ಅಂಗಡಿಯ ಅಕ್ಕ ಎಲ್ಲಿಗೆ ಅಂತ ಕೇಳಿದರು.

"ಹೆಬ್ರಿಗೆ ಅಕ್ಕ. ಮುಂದೆ ಏರು ಜಾಸ್ತಿ ಉಂಟಾ?"

"ಏರು ಎಂತ ಇಲ್ಲ ಮಾರಾಯ್ರೆ. ಎಲ್ಲ ಸಮ ರೋಡು."

ಆಮೇಲೆ ಸಿಕ್ಕವರೆಲ್ಲ ಇದನ್ನೇ ಹೇಳಿದರು. ಸಮ ರೋಡು. ಘಟ್ಟವನ್ನು ದಿನಾ ಎದುರಿಗೆ ನೋಡುವವರಿಗೆ ಇದೆಲ್ಲ ಏರು ಅಂತ ಕಾಣುವುದೇ ಇಲ್ಲ. ನಾವು ಬಯಲುಸೀಮೆಯಲ್ಲಿ ಫ್ಲೈಓವರಿಗೂ ಗೇರ್ ಬದಲಿಸುವವರು.

ಮಧ್ಯಾಹ್ನ ಕಾರ್ಕಳದಲ್ಲಿ ಊಟ. 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿ ಬಂಡೆಯ ಮೇಲೆ ನಿಂತಿದ್ದ. ಮೆಟ್ಟಿಲು ಹತ್ತೋಣವಾ ಅಂದೆ. ಇಲ್ಲಿಂದಲೇ ಕೈ ಮುಗಿದರೆ ಆಗಲ್ವಾ ಅಂದ ಗೆಳೆಯ.

ಊಟದ ನಂತರ ಅದೇ ಏರುಗಳು ಬೇರೆಯಾದವು. ಬಿಸಿಲು, ಸೆಕೆ, ಹೊಟ್ಟೆ ತುಂಬ ಕುಚ್ಚಲಕ್ಕಿ ಅನ್ನ. ಇಳಿಜಾರಿನ ವೇಗ ಏರಿನ ಅರ್ಧಕ್ಕೇ ತೀರತೊಡಗಿತು. ಆಮೇಲೆ ಅದಕ್ಕೂ ಮೊದಲೇ. ಅಜೆಕಾರಿನ ಆಚೆ ಒಂದು ಏರು, ಉದ್ದ ಅರ್ಧ ಕಿಲೋಮೀಟರೂ ಇರಲಿಕ್ಕಿಲ್ಲ. ಗೆಳೆಯನ ಲೆಕ್ಕದಲ್ಲಿ ಅದಕ್ಕೆ ದರ್ಜೆ ಇಲ್ಲ, ಹೆಸರೂ ಇಲ್ಲ. ಅಲ್ಲಿ ನಾನು 34ಕ್ಕೆ 34 ಹಾಕಿ, ಮುಂದಿನ ಟೈರನ್ನೇ ನೋಡುತ್ತ ಹತ್ತಿದೆ.

ನನ್ನ ಮಟ್ಟಿಗೆ ಬೆಟ್ಟ ಶುರುವಾಗುವುದು ಅಲ್ಲಿ. ಹಿಂದಿನಿಂದ ತಂದ ವೇಗ ಪೂರ್ತಿ ಖರ್ಚಾಗಿ, ಇನ್ನು ಕೈಯಲ್ಲಿರುವುದು ಈ ಉಸಿರು ಮಾತ್ರ, ಇದರಲ್ಲೇ ಎಷ್ಟು ದೂರವಾದರೂ ಹೋಗಬೇಕು ಅಂತ ಸೀಟಿನ ಮೇಲೆ ಕೂತುಬಿಡುವ ಜಾಗ. ವೇಗದಲ್ಲೇ ದಾಟಿಹೋದರೆ ಅದು ದಿಬ್ಬ. ಶೇ. 12 ಇದ್ದರೂ ದಿಬ್ಬವೇ.

ಆ ಏರಿನ ತಲೆಯಲ್ಲಿ ನನ್ನ ಹಿಂದಿನ ಟೈರ್ ಮೆತ್ತಗಾಯಿತು. ಟ್ಯೂಬಿನ ತೂತು ಸಿಕ್ಕಿತು, ಟೈರಿನಲ್ಲಿ ಏನೂ ಕಾಣಲಿಲ್ಲ. ಒಳಗಡೆ ಬೆರಳು ಆಡಿಸಿದರೆ ಎಲ್ಲೋ ಚುಚ್ಚುತ್ತದೆ, ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಟೈರನ್ನು ಮಡಚಿ ಹಿಂಡಿದಾಗ ಕೂದಲಿನಷ್ಟು ಸಣ್ಣ ತಂತಿಯ ತುದಿ ಹೊರಬಂತು. ಲಾರಿಗಳ ಟೈರು ಸಿಡಿದಾಗ ಒಳಗಿನ ಉಕ್ಕಿನ ಎಳೆಗಳು ರಸ್ತೆ ಬದಿಗೆ ಚೆಲ್ಲುತ್ತವೆ, ನಾವು ಹೋಗುವುದೂ ಬದಿಯಲ್ಲೇ. ಉಗುರಿಗೆ ಸಿಗದೆ ಜಾರಿ ಜಾರಿ, ಕೊನೆಗೆ ಹಲ್ಲಿನಲ್ಲಿ ಕಚ್ಚಿ ಎಳೆದೆ. ಇದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಅದೂ ಅರ್ಧ ಗಂಟೆಯಲ್ಲಿ ಹೋಗುತ್ತದೆ.

ಹೆಬ್ರಿ ತಲುಪಿದಾಗ ದೀಪ ಹಚ್ಚುವ ಹೊತ್ತು. ಮೀಟರ್ ನೋಡಿ ಗೆಳೆಯ ಸುಮ್ಮನೆ ನನ್ನ ಮುಂದೆ ಹಿಡಿದ. ಸಮ ರೋಡಿನಲ್ಲಿ ನಾವು ಏರಿದ ಒಟ್ಟು ಎತ್ತರ ಗಿರಿಯ ದಿನಕ್ಕಿಂತ ಕಮ್ಮಿ ಇರಲಿಲ್ಲ.

ಸೋಮೇಶ್ವರ, ಆಗುಂಬೆ

ಬೆಳಗ್ಗೆ ಬೇಗ ಹೊರಟೆವು. ಸೋಮೇಶ್ವರದವರೆಗೆ ಕಾಡಿನ ರಸ್ತೆ, ಅಲ್ಲಲ್ಲಿ ಸೀತಾನದಿ. ಬೆವರು ಆಗಲೇ ಇಳಿಯುತ್ತಿತ್ತು. ಸೋಮೇಶ್ವರದಲ್ಲಿ ಬಾಟಲಿ ತುಂಬಿಸಿಕೊಳ್ಳಿ, ಮೇಲೆ ಆಗುಂಬೆವರೆಗೆ ಅಂಗಡಿ ಇಲ್ಲ.

ಆಗುಂಬೆ ಘಾಟಿ ಉದ್ದದಲ್ಲಿ ದೊಡ್ಡದಲ್ಲ. ಕಡಲಮಟ್ಟಕ್ಕೆ ಹೆಚ್ಚೇನೂ ಮೇಲಿಲ್ಲದ ಸೋಮೇಶ್ವರದಿಂದ ಸುಮಾರು 640 ಮೀಟರ್ ಎತ್ತರದ ಆಗುಂಬೆಗೆ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಏರಿಸಿಬಿಡುತ್ತಾರೆ. ಭಾರೀ ವಾಹನಗಳಿಗೆ ಇಲ್ಲಿ ಪ್ರವೇಶ ಇಲ್ಲ, ಅದೊಂದು ಪುಣ್ಯ.

ತಿರುವುಗಳದ್ದೇ ಒಂದು ವಿದ್ಯೆ. ಹೇರ್‌ಪಿನ್ನಿನ ಒಳಬದಿ ಗಿಡ್ಡ, ಹೊರಬದಿ ಉದ್ದ. ಎರಡೂ ಏರುವುದು ಅಷ್ಟೇ ಎತ್ತರ. ಹಾಗಾಗಿ ಒಳಬದಿ ತೀರಾ ಕಡಿದು. ನಾವು ಎಡಕ್ಕೆ ಹೋಗುವವರು. ಬಲಕ್ಕೆ ತಿರುಗುವ ತಿರುವಿನಲ್ಲಿ ತಾನಾಗಿಯೇ ಹೊರಬದಿ ಸಿಗುತ್ತದೆ, ಅಲ್ಲಿ ಸ್ವಲ್ಪ ಉಸಿರು ಬಿಡಬಹುದು. ಎಡಕ್ಕೆ ತಿರುಗುವುದು ಬಂದರೆ ಒಳಬದಿಯೇ ಗತಿ. ಎದುರಿಗೆ ಗಾಡಿ ಇಲ್ಲ ಅಂತ ಕಿವಿಗೊಟ್ಟು ಕೇಳಿ, ಕೊಂಚ ನಡುವಿಗೆ ಸರಿದು ಹತ್ತಬೇಕು. ಘಾಟಿಯಲ್ಲಿ ಹತ್ತುವ ಗಾಡಿಗೆ ದಾರಿ ಬಿಡಬೇಕು ಅನ್ನುವುದು ನಿಯಮ. ಸೈಕಲ್ಲೂ ಗಾಡಿಯೇ ಅಂತ ಮಿನಿ ಬಸ್ಸಿನವರಿಗೆ ಯಾರು ಹೇಳುವುದು?

ಮೊದಲ ಕೆಲವು ತಿರುವು ಗೆಳೆಯ ಜೋರಾಗಿ ಹೋದ. ನಾನು ಹೋಗಲಿಲ್ಲ. ಕಡಿದು ಏರಿನಲ್ಲಿ ಗಾಳಿಯ ತಡೆ ಲೆಕ್ಕಕ್ಕಿಲ್ಲ, ಶಕ್ತಿಯೆಲ್ಲ ಮೈಯ ಮತ್ತು ಸೈಕಲ್ಲಿನ ತೂಕ ಎತ್ತುವುದಕ್ಕೇ ಹೋಗುತ್ತದೆ. ಇಂಥ ಕಡೆ ಇನ್ನೊಬ್ಬರ ಹಿಂದೆ ಅಂಟಿಕೊಂಡು ಹೋದರೆ ಲಾಭವೇನೂ ಇಲ್ಲ. ಅವರವರ ಬೆಟ್ಟ ಅವರವರೇ ಹತ್ತಬೇಕು. ಮರಗಳು ರಸ್ತೆಯ ಮೇಲೆ ಕೂಡಿಕೊಂಡಿದ್ದವು, ಬಿಸಿಲು ಇರಲಿಲ್ಲ. ಜೀರುಂಡೆಗಳ ಸದ್ದು ಬಿಟ್ಟರೆ ನನ್ನ ಚೈನಿನ ಸದ್ದು.

ಅರ್ಧ ದಾರಿಯಲ್ಲಿ ಗೆಳೆಯ ಸಿಕ್ಕಿದ. ತಿರುವಿನ ಕಟ್ಟೆಗೆ ಸೈಕಲ್ ಒರಗಿಸಿ ನಿಂತಿದ್ದ. ಎದುರಿಗೆ ಒಂದು ಮಂಗ ಕೂತು, ಅವನ ಹ್ಯಾಂಡಲ್ ಚೀಲದಲ್ಲಿದ್ದ ಕಡ್ಲೆಚಿಕ್ಕಿಯನ್ನು ಕಾಗದ ಬಿಡಿಸಿ ತಿನ್ನುತ್ತಿತ್ತು. ತಿನ್ನುವ ಸಾಮಾನು ಇಲ್ಲಿ ಜೆರ್ಸಿಯ ಹಿಂದಿನ ಜೇಬಿನಲ್ಲಿ, ಅದೂ ಕವರ್ ಸದ್ದು ಮಾಡದ ಹಾಗೆ ಇರಬೇಕು.

ಅಲ್ಲಿಗೇ ಮೀನಿನ ಡಬ್ಬ ಕಟ್ಟಿದ ಬೈಕೊಂದು ಏದುಸಿರು ಬಿಡುತ್ತ ಬಂದು ನಿಂತಿತು. ಮಲ್ಪೆಯಿಂದ ಮೀನು ತಂದು ಮೇಲಿನ ಊರುಗಳಲ್ಲಿ ಮಾರುವವರು. ಎಂಜಿನ್ ತಣಿಯಲಿ ಅಂತ ದಿನಾ ಇಲ್ಲೇ ನಿಲ್ಲಿಸುತ್ತಾರಂತೆ. ಗೆಳೆಯ ತನ್ನ ಪ್ರಶ್ನೆ ಬಿಡಲಿಲ್ಲ.

"ಅಣ್ಣ, ನಿಮ್ಮ ಪ್ರಕಾರ ಘಾಟಿ ನಿಜವಾಗಿ ಎಲ್ಲಿಂದ ಶುರು?"

ಅವರು ನಕ್ಕರು. "ಗಾಡಿ ಹೊಸತು ಇರುವಾಗ ಇಲ್ಲಿ ಘಾಟಿಯೇ ಇರ್ಲಿಲ್ಲ ಮಾರಾಯ್ರೆ. ಈಗ ಹಳತಾಯ್ತು, ಈ ತಿರುವಿಂದ ಶುರು. ಇನ್ನೆರಡು ವರ್ಷ ಹೋದ್ರೆ ಸೋಮೇಶ್ವರದಿಂದಲೇ ಶುರು ಆಗ್ಬಹುದು."

ಹೋಗುವಾಗ ಒಂದು ಮಾತು ಸೇರಿಸಿದರು: "ನಿಮ್ಮದಕ್ಕೆ ಎಂಜಿನೇ ಇಲ್ಲ, ನಿಮಗೆ ಎಲ್ಲ ಕಡೆಯೂ ಘಾಟಿಯೇ."

ಕೊನೆಯ ತಿರುವುಗಳಲ್ಲಿ ನಾವಿಬ್ಬರೂ ಒಂದೇ ವೇಗಕ್ಕೆ ಬಂದಿದ್ದೆವು, ಅಂದರೆ ನಡೆಯುವವರಿಗಿಂತ ಸ್ವಲ್ಪ ಜಾಸ್ತಿ. ಮಂಗನ ತಿರುವಿನ ಆಮೇಲೆ ಗೆಳೆಯ ಒಮ್ಮೆಯೂ ಕಾಲೂರಲಿಲ್ಲ, ಆ 28ರ ಹಲ್ಲಿನಲ್ಲೇ! ಮೇಲೆ ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ನಿಂತಾಗ ಕೆಳಗೆ ಮೋಡ ಬಿಟ್ಟರೆ ಏನೂ ಕಾಣಲಿಲ್ಲ. ಆಗುಂಬೆಯಲ್ಲಿ ಮೊದಲು ಕೇಳಿದ್ದು ಕಷಾಯ, ಹಾಲು ಜಾಸ್ತಿ ಹಾಕಿ. ಆಮೇಲೆ ಬಿಸಿ ಕಡುಬು. ಮಳೆ ಹಿಡಿಯಿತು. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರು, ನಮಗೆಂದು ನಿಲ್ಲಿಸುತ್ತದಾ? ರೇನ್‌ಕೋಟ್ ಹಾಕಿಕೊಂಡೇ ಹೊರಟೆವು.

ತೀರ್ಥಹಳ್ಳಿ

ಅಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್. ಅಡಿಕೆ ತೋಟಗಳು, ಅಂಗಳದಲ್ಲಿ ಹಸಿ ಅಡಿಕೆ ರಾಶಿ. ದಾರಿಯಲ್ಲಿ ಸಣ್ಣ ಸಣ್ಣ ಏರು ಎಷ್ಟೋ ಬಂದವು, ಒಂದನ್ನೂ ನಾವು ಮಾತಿನಲ್ಲಿ ತರಲಿಲ್ಲ.

ತೀರ್ಥಹಳ್ಳಿಯಲ್ಲಿ ಊಟಕ್ಕೆ ಕೂತಾಗ ಗೆಳೆಯ ಮೊಬೈಲ್ ತೆಗೆದು ಗುಣಿಸಿದ. ಆಗುಂಬೆ 50,000ದ ಹತ್ತಿರ, ಎರಡನೇ ದರ್ಜೆ. ನಂದಿಯೂ ಅದೇ ದರ್ಜೆ. ಅವನಿಗೇ ಅದು ಸರಿ ಕಾಣಲಿಲ್ಲ.

"ಹಿಂದಿನ ದಿನದ ಸಮ ರೋಡನ್ನೂ ಇದಕ್ಕೆ ಸೇರಿಸಬೇಕು ಕಣೋ" ಅಂದ.

"ಎಷ್ಟು ಸೇರಿಸ್ತೀಯ?"

"ಅದಕ್ಕೆ ಲೆಕ್ಕ ಇಲ್ಲ."

ಬಸ್ಸಿಗೆ ಇನ್ನೂ ಹೊತ್ತಿತ್ತು. ಮುಂದಿನ ಸಲ ಹೊಸಂಗಡಿ ಕಡೆಯಿಂದ ಹುಲಿಕಲ್ ಘಾಟಿ ಹತ್ತುವುದು ಅಂತ ಅಲ್ಲೇ ಮಾತಾಯಿತು. ಕೆಳಗಿನಿಂದಲೇ, ಮೇಲಿನಿಂದ ಬೇಡ. ಊರಿಗೆ ಬಂದ ವಾರವೇ ಅವನು ಸೈಕಲ್ಲನ್ನು ಅಂಗಡಿಗೆ ಬಿಟ್ಟ, ಹಿಂದೆ 34ರ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಗೊಂಚಲು, ಹಾಕಿಸಲು. ಅವನ ಡಿರೇಲರ್ ಅಷ್ಟು ದೊಡ್ಡ ಹಲ್ಲುಚಕ್ರಕ್ಕೆ ಎಟಕುವುದಿಲ್ಲ, ಚೈನ್ ಹಿಡಿಯುವ ತೋಳು ಉದ್ದ ಇರುವಂಥದ್ದು ಬೇಕು ಅಂದರಂತೆ. ಅದು ಬರುವವರೆಗೆ ಅವನು ನಂದಿಗೂ ಹೋಗುವುದಿಲ್ಲವಂತೆ.